ದುರ್ಯೋಧನನ ಪಾರ್ಟಿಗೆ ಯಾಕಿಷ್ಟು ಡಿಮ್ಯಾಂಡು?

ಇವತ್ತಿನ ವಿಷಯ ವಿಲನ್‌ಗಳು. ಅದರಲ್ಲೂ ನೋಡ್ತಾ ನೋಡ್ತಾ ನಮಗೆ 'ಪಾಪ' ಅನ್ನಿಸಿಬಿಡೋ ವಿಲನ್‌ಗಳು. ನಾನು ಬಿ.ಕಾಂ. ಓದಿದವನು, ಹಾಗಾಗಿ ರೇಟಿನಿಂದಲೇ ಶುರು ಮಾಡ್ತೀನಿ.

ಮಂಡ್ಯ, ತುಮಕೂರು, ಹಾಸನದ ಕಡೆಯವರಿಗೆ 'ಕುರುಕ್ಷೇತ್ರ' ನಾಟಕ ಹೊಸದಲ್ಲ. ಹಬ್ಬಕ್ಕೋ ಜಾತ್ರೆಗೋ ಊರಿನವರೇ ಸೇರಿ ಆಡ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸ್ತಾರೆ, ಸೀನರಿ ಬಾಡಿಗೆಗೆ ಬರುತ್ತೆ, ರಾತ್ರಿ ಶುರುವಾದ ನಾಟಕ ಮುಗಿಯೋ ಹೊತ್ತಿಗೆ ಬೆಳಗಾಗಿರುತ್ತೆ. ಇದರಲ್ಲಿ ಪಾರ್ಟು ಮಾಡೋರಿಗೆ ಸಂಬಳ ಇಲ್ಲ. ಪಾರ್ಟು ಬೇಕಾದ್ರೆ ಅವರೇ ದುಡ್ಡು ಕೊಡಬೇಕು. ಒಂದೊಂದು ಪಾರ್ಟಿಗೆ ಒಂದೊಂದು ರೇಟು. ನಮ್ಮೂರಲ್ಲಿ ಧರ್ಮರಾಯನ ಪಾರ್ಟು ಕಮ್ಮಿಗೇ ಸಿಗ್ತಿತ್ತು. ಕೃಷ್ಣಂದು ಜಾಸ್ತಿ. ಅದಕ್ಕೆ ಸರಿಸಮವಾಗಿ ನಿಲ್ಲೋದು ದುರ್ಯೋಧನಂದು.

ನಮ್ಮ ತಾತ ಒಂದು ವರ್ಷ ಜೋಡಿ ಟಗರು ಮಾರಿ ದುರ್ಯೋಧನನ ಪಾರ್ಟು ಹಿಡಿದಿದ್ರು. 'ಆ ಮನೆಹಾಳನ ಪಾರ್ಟಿಗೆ ನನ್ನ ಟಗರು ಮಾರಿದ್ರು' ಅಂತ ಅಜ್ಜಿ ಇವತ್ತಿಗೂ ಹೇಳ್ತಾರೆ.

ಮಾರ್ಕೆಟ್ಟಿನ ಲೆಕ್ಕದಲ್ಲಿ ಇದು ವಿಚಿತ್ರ ಅಲ್ವಾ? ಕಥೆ ಪ್ರಕಾರ ಗೆಲ್ಲೋನು ಧರ್ಮರಾಯ, ಡಿಮ್ಯಾಂಡ್ ಇರೋದು ಸೋಲೋನಿಗೆ.

ಈ ಪ್ರಶ್ನೆ ನನ್ನ ತಲೆಗೆ ಸರಿಯಾಗಿ ಹೊಕ್ಕಿದ್ದು 2019ರಲ್ಲಿ. ಆ ವರ್ಷ ಆಗಸ್ಟ್‌ನಲ್ಲಿ 'ಕುರುಕ್ಷೇತ್ರ' ಸಿನಿಮಾ ಬಂತು. ನಾಗಣ್ಣ ನಿರ್ದೇಶನ, ದರ್ಶನ್ ದುರ್ಯೋಧನ, ಅರ್ಜುನ್ ಸರ್ಜಾ ಕರ್ಣ, ಅಂಬರೀಶ್ ಭೀಷ್ಮ. ಪೋಸ್ಟರ್‌ನಲ್ಲಿ ಎಲ್ಲರಿಗಿಂತ ದೊಡ್ಡದಾಗಿ ನಿಂತಿದ್ದು ದುರ್ಯೋಧನನೇ. ನಾನು, ನಮ್ಮಕ್ಕ ಒಟ್ಟಿಗೆ ಹೋಗಿದ್ವಿ. ಥಿಯೇಟರ್ ತುಂಬಾ ವಿಸಿಲ್, ನಾನೂ ಹೊಡೆದೆ. ಕೊನೆಗೆ ಕಣ್ಣಲ್ಲಿ ನೀರೂ ಬಂತು. ಹೊರಗೆ ಬಂದು ಬೈಕ್ ತೆಗೀತಾ ಇದ್ದಾಗ ಅಕ್ಕ ಕೇಳಿದ್ಲು: 'ಅಲ್ಲ ಕಣೋ, ಅವನು ಸತ್ತಿದ್ದಕ್ಕೆ ಅಷ್ಟು ಅಳ್ತಿದ್ಯಲ್ಲ, ಸಭೆಯಲ್ಲಿ ದ್ರೌಪದೀನ ಎಳ್ಕೊಂಡು ಬಂದಾಗ ಯಾಕೆ ಅಳಲಿಲ್ಲ?'

ನನ್ನ ಹತ್ರ ಉತ್ತರ ಇರಲಿಲ್ಲ. ಉತ್ತರ ಹುಡುಕ್ತಾ ಹೋದೆ. ಆಗ ಗೊತ್ತಾಗಿದ್ದು, ಈ 'ಒಳ್ಳೆ ವಿಲನ್' ಅನ್ನೋದು ಓಟಿಟಿ ಕಾಲದ ಫ್ಯಾಷನ್ ಅಲ್ಲ. ಕನ್ನಡದಲ್ಲಿ ಇದಕ್ಕೆ ಸಾವಿರ ವರ್ಷ ದಾಟಿದೆ.

ಮೊದಲು ಪಂಪ. ಕ್ರಿ.ಶ. 941ರ ಹೊತ್ತಿಗೆ ಬರೆದ 'ವಿಕ್ರಮಾರ್ಜುನ ವಿಜಯ'. ಪಂಪನಿಗೆ ಆಶ್ರಯ ಕೊಟ್ಟವನು ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿ. ಕಾವ್ಯದಲ್ಲಿ ಅರ್ಜುನ ಅಂದ್ರೆ ಅರಿಕೇಸರಿ, ಅರಿಕೇಸರಿ ಅಂದ್ರೆ ಅರ್ಜುನ. ಇವತ್ತಿನ ಭಾಷೆಯಲ್ಲಿ ಸ್ಪಾನ್ಸರ್ಡ್ ಕಂಟೆಂಟ್. ಆದ್ರೂ ಕೊನೆಯ ಹೊತ್ತಿಗೆ ಇದೇ ಕವಿ, ಭಾರತದಲ್ಲಿ ಯಾರನ್ನಾದ್ರೂ ನೆನೆಯೋದಾದ್ರೆ ಕರ್ಣನನ್ನ ನೆನೀರಿ ಅಂತಾನೆ. ಸ್ಪಾನ್ಸರ್ ಎದುರಾಳಿಯನ್ನ!

ಪಂಪನ ಒಂದು ಸಂದರ್ಭ ಕೇಳಿ. ಯುದ್ಧಕ್ಕೆ ಮುಂಚೆ ಕೃಷ್ಣ ಕರ್ಣನನ್ನ ಪಕ್ಕಕ್ಕೆ ಕರೆದು, 'ನೀನು ಕುಂತಿ ಮಗ, ಪಾಂಡವರಿಗೆ ಅಣ್ಣ, ಈ ಕಡೆ ಬಾ' ಅಂತಾನೆ. ರಾಜ್ಯವೇ ಸಿಗುತ್ತೆ. ಅದಕ್ಕೆ ಕರ್ಣ ಕೊಡೋ ಉತ್ತರದಲ್ಲಿ ಒಂದು ಮುತ್ತಿನ ಸರ ಬರುತ್ತೆ. ದುರ್ಯೋಧನನ ಹೆಂಡತಿ ಭಾನುಮತಿ ಪಗಡೆಯಲ್ಲಿ ಸೋತಳು, ಪಣ ಕೊಡು ಅಂತ ಕಾಡುವಾಗ ಸರ ಹರಿದು ಮುತ್ತೆಲ್ಲ ಚೆಲ್ಲಾಪಿಲ್ಲಿ ಆಯ್ತು. ದುರ್ಯೋಧನ ಏನೂ ಅಂದುಕೊಳ್ಳದೆ, 'ಇವನ್ನ ಆರಿಸಿ ಕೊಡ್ಲಾ' ಅಂತ ಕೇಳಿದ. ಅಂಥವನನ್ನ ಬಿಟ್ಟು ಬಂದ್ರೆ ನಾನು ಮನುಷ್ಯನಾ ಅನ್ನೋದು ಕರ್ಣನ ಮಾತು. ಇಲ್ಲಿ ಪಗಡೆ ಆಡಿದ್ದು ಗಂಡ-ಹೆಂಡತಿಯೋ, ಕರ್ಣ-ಭಾನುಮತಿಯೋ ಅಂತ ವಿದ್ವಾಂಸರು ಬಹಳ ವರ್ಷ ಜಗಳ ಆಡಿದ್ದಾರೆ. ಯಾವ ಅರ್ಥ ತಗೊಂಡ್ರೂ ಒಂದು ವಿಷಯ ಬದಲಾಗಲ್ಲ. ದುರ್ಯೋಧನ ತನ್ನ ಗೆಳೆಯನನ್ನ ಅನುಮಾನಿಸಲ್ಲ.

ಸಂಸ್ಕೃತದ ವ್ಯಾಸ ಭಾರತದಲ್ಲಿ ಈ ಪ್ರಸಂಗ ಇಲ್ಲ. ಇದು ನಮ್ಮ ದಕ್ಷಿಣದ ಕಡೆ ಓಡಾಡಿದ ಕಥೆ. 1964ರಲ್ಲಿ ತಮಿಳಿನ 'ಕರ್ಣನ್' ಸಿನಿಮಾದಲ್ಲಿ ಇದೇ ಮುತ್ತು ಮತ್ತೆ ಚೆಲ್ಲಿತು. ಶಿವಾಜಿ ಗಣೇಶನ್ ಕರ್ಣ, ಸಾವಿತ್ರಿ ಭಾನುಮತಿ. ನಿರ್ದೇಶಕ ಯಾರು ಗೊತ್ತಾ? ನಮ್ಮ 'ಕಿತ್ತೂರು ಚೆನ್ನಮ್ಮ' ತೆಗೆದ ಬಿ.ಆರ್. ಪಂತುಲು. 1977ರಲ್ಲಿ ತೆಲುಗಿನ 'ದಾನವೀರಶೂರ ಕರ್ಣ' ಬಂತು. ಎನ್.ಟಿ. ರಾಮರಾವ್ ತಾವೇ ನಿರ್ದೇಶಿಸಿ, ಕೃಷ್ಣ, ಕರ್ಣ, ದುರ್ಯೋಧನ ಮೂರೂ ಪಾತ್ರ ಮಾಡಿದ್ರು. ಅದರಲ್ಲಿ ದುರ್ಯೋಧನನಿಗೆ ಡ್ಯುಯೆಟ್ ಕೂಡ ಇದೆ! 1991ರಲ್ಲಿ ಮಣಿರತ್ನಂ 'ದಳಪತಿ' ಮಾಡಿದಾಗ ಕಿರೀಟ, ಗದೆ ಎಲ್ಲ ಹೋಯ್ತು, ಸ್ನೇಹ ಮಾತ್ರ ಉಳೀತು. ರಜನಿಕಾಂತ್ ಕರ್ಣನ ಜಾಗದಲ್ಲಿ, ಮಮ್ಮುಟ್ಟಿ ದುರ್ಯೋಧನನ ಜಾಗದಲ್ಲಿ. ಮೇಲುಕೋಟೆಯ ರಾಯಗೋಪುರ ನೋಡಿದವರಿಗೆ ಆ ಸಿನಿಮಾ ನೆನಪಾಗದೆ ಇರಲ್ಲ, ಅಲ್ಲೂ ಶೂಟಿಂಗ್ ಆಗಿತ್ತು.

ಟಿವಿ ಕಥೆಯೂ ಅದೇ. 1988ರಿಂದ 90ರವರೆಗೆ ದೂರದರ್ಶನದ 'ಮಹಾಭಾರತ್'ನಲ್ಲಿ ಪಂಕಜ್ ಧೀರ್ ಮಾಡಿದ ಕರ್ಣನ ಮುಖ ಅಮ್ಮನ ತಲೆಮಾರಿಗೆ ಇನ್ನೂ ನೆನಪಿದೆ. 2020ರ ಲಾಕ್‌ಡೌನ್ ಹೊತ್ತಲ್ಲಿ ಇನ್ನೊಂದು ಹಿಂದಿ 'ಮಹಾಭಾರತ' ಕನ್ನಡಕ್ಕೆ ಡಬ್ ಆಗಿ ಬಂದಾಗ ನನ್ನ ಫ್ರೆಂಡ್ಸ್ ಅರ್ಧ ಜನರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಕರ್ಣ.

ಇದರಿಂದ ನಾನು ಕಲಿತ ಮೊದಲ ಪಾಠ ಇದು. ವಿಲನ್‌ಗೆ ಕಷ್ಟದ ಬಾಲ್ಯ ಇತ್ತು, ಅವಮಾನ ಆಗಿತ್ತು ಅಂತ ಫ್ಲ್ಯಾಶ್‌ಬ್ಯಾಕ್ ತೋರಿಸಿದ್ರೆ ಕಾರಣ ಗೊತ್ತಾಗುತ್ತೆ, ಅಷ್ಟೇ. ಅವನು ಯಾರಿಗೋ ಬೇಕಾದವನು, ಅವನಿಗೆ ಯಾರೋ ಬೇಕು ಅಂತ ಗೊತ್ತಾದಾಗ ನಮ್ಮ ಮನಸ್ಸು ಕರಗುತ್ತೆ. ದುರ್ಯೋಧನನನ್ನ ನಾವು ನೋಡೋದು ಕರ್ಣನ ಕಣ್ಣಿಂದ.

ಈಗ ರನ್ನನಿಗೆ ಬರೋಣ. ಮುಧೋಳದ ಬಳೆಗಾರರ ಮನೆ ಹುಡುಗ, ಚಾಲುಕ್ಯ ಚಕ್ರವರ್ತಿಯ ಆಸ್ಥಾನದ ಕವಿ ಆದ. ಸುಮಾರು 982ರಲ್ಲಿ ಬರೆದ 'ಗದಾಯುದ್ಧ'ದ ಇನ್ನೊಂದು ಹೆಸರು 'ಸಾಹಸಭೀಮ ವಿಜಯ'. ಇಲ್ಲೂ ಸ್ಪಾನ್ಸರ್ ಇದ್ದಾನೆ. ಚಾಲುಕ್ಯರ ಸತ್ಯಾಶ್ರಯನನ್ನ ಭೀಮನಿಗೆ ಹೋಲಿಸಿದ ಕಾವ್ಯ ಇದು. ಟೈಟಲ್ ಭೀಮನಿಗೆ ಹೋಯ್ತು. ಆದ್ರೆ ನಮ್ಮ ನೆನಪಲ್ಲಿ ಉಳಿಯೋನು ದುರ್ಯೋಧನ.

ಯುದ್ಧದ ಕೊನೆ. ಹೆಚ್ಚು ಕಮ್ಮಿ ಎಲ್ಲರೂ ಸತ್ತಿದ್ದಾರೆ. ಭೀಷ್ಮನನ್ನ ನೋಡೋಕೆ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ಮಧ್ಯೆ ನಡ್ಕೊಂಡು ಹೋಗ್ತಾನೆ. ಗುರು ದ್ರೋಣರ ದೇಹ ಕಾಣುತ್ತೆ. ಅಭಿಮನ್ಯುವಿನ ದೇಹ ಕಾಣುತ್ತೆ, ಅವನು ಶತ್ರುವಿನ ಮಗ. ಆದ್ರೂ ಕೈಮುಗಿದು, ನಿನ್ನಂಥ ಸಾವು ನನಗೂ ಬರಲಿ ಅಂತಾನೆ. ಆಮೇಲೆ ಸ್ವಂತ ಮಗ ಲಕ್ಷಣಕುಮಾರ. ಅಪ್ಪನಿಗೆ ಮಗ ತರ್ಪಣ ಬಿಡಬೇಕು, ನೀನು ಆ ಕ್ರಮಾನೇ ತಿರುಗುಮುರುಗು ಮಾಡಿದ್ಯಲ್ಲ ಅಂತ ಅಳ್ತಾನೆ. ಆಮೇಲೆ ತಮ್ಮ ದುಶ್ಶಾಸನ. ಆಮೇಲೆ ಕರ್ಣ.

ಕರ್ಣನ ಹೆಣದ ಮುಂದೆ ಅವನು ಆಡೋ ಮಾತಲ್ಲಿ ಒಂದು ಟ್ವಿಸ್ಟ್ ಇದೆ. ನೀನು ಯಾರ ಮಗ ಅನ್ನೋದು ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಸಹದೇವನಿಗೆ ಗೊತ್ತು, ನನಗೂ ಗೊತ್ತಿತ್ತು ಅಂತಾನೆ! ಅಂದ್ರೆ ತನ್ನ ಪ್ರಾಣದ ಗೆಳೆಯ ಶತ್ರುಗಳ ಅಣ್ಣ ಅಂತ ಗೊತ್ತಿದ್ದೂ ಅವನನ್ನ ನಂಬಿದ್ದ. ಇದನ್ನ ಓದಿದ ಮೇಲೆ ನಮ್ಮೂರಲ್ಲಿ ಟಗರು ಯಾಕೆ ಮಾರಾಟ ಆಯ್ತು ಅಂತ ನನಗೆ ಅರ್ಥ ಆಯ್ತು. ಇಂಥ ಸೀನು ಧರ್ಮರಾಯನಿಗೆ ಎಲ್ಲಿದೆ?

ಇಪ್ಪತ್ತನೇ ಶತಮಾನದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಇದೇ ಕಾವ್ಯವನ್ನ ರಂಗಕ್ಕೆ ಒಗ್ಗಿಸಿ 'ಗದಾಯುದ್ಧ ನಾಟಕಂ' ಮಾಡಿದ್ರು. ಅವರು ಗ್ರೀಕ್ ದುರಂತ ನಾಟಕಗಳನ್ನ ಓದಿಕೊಂಡವರು. ದೊಡ್ಡ ಮನುಷ್ಯನೊಬ್ಬ ತನ್ನ ತಪ್ಪಿನಿಂದಲೇ ಬೀಳೋದನ್ನ ನೋಡಿ ಮರುಗೋದು ಅಂದ್ರೇನು ಅಂತ ಅವರಿಗೆ ಗೊತ್ತಿತ್ತು. 2019ರ ಸಿನಿಮಾ ಕೂಡ ರನ್ನನ ಹೆಸರು ಹೇಳಿಕೊಂಡೇ ಬಂದಿದ್ದು.

ಹಾಗಾದ್ರೆ ಅಕ್ಕನ ಪ್ರಶ್ನೆ? ರನ್ನ ಅದನ್ನ ಮರೆತಿಲ್ಲ. ಕಾವ್ಯದ ಶುರುವಿನಲ್ಲೇ ದ್ರೌಪದಿ ಬರ್ತಾಳೆ, ತನಗಾದ ಅವಮಾನ, ಬಿಚ್ಚಿದ ಮುಡಿ ನೆನಪಿಸಿ ಭೀಮನನ್ನ ಕೆಣಕ್ತಾಳೆ. ನಮ್ಮನ್ನ ದುರ್ಯೋಧನನ ಜೊತೆ ರಣರಂಗಕ್ಕೆ ಕರ್ಕೊಂಡು ಹೋಗೋಕೆ ಮುಂಚೆ ಅವಳ ಮಾತನ್ನ ಕೇಳಿಸಿರ್ತಾನೆ. ಕೊನೆಗೆ ದುರ್ಯೋಧನನ ತೊಡೆ ಮುರಿಯುತ್ತೆ. ಅವನ ದುಃಖ ನಿಜ ಅನ್ನೋ ಕಾರಣಕ್ಕೆ ಶಿಕ್ಷೆಯಲ್ಲಿ ರಿಯಾಯಿತಿ ಸಿಗಲ್ಲ.

ಅಕೌಂಟ್ಸ್ ಓದಿದವರಿಗೆ ಒಂದು ನಿಯಮ ಗೊತ್ತಿರುತ್ತೆ. ಬ್ಯಾಲೆನ್ಸ್ ಶೀಟ್‌ನಲ್ಲಿ ಆಸ್ತಿ ಬೇರೆ, ಸಾಲ ಬೇರೆ ತೋರಿಸಬೇಕು. ಒಂದರಲ್ಲಿ ಇನ್ನೊಂದನ್ನ ಕಳೆದು 'ಒಟ್ಟು ಇಷ್ಟು' ಅಂತ ಮುಗಿಸೋ ಹಾಗಿಲ್ಲ. ರನ್ನ ಮಾಡಿದ್ದು ಅದನ್ನೇ. ಸ್ನೇಹ ಒಂದು ಕಡೆ, ದ್ರೌಪದಿಯ ಮುಡಿ ಇನ್ನೊಂದು ಕಡೆ. ಎರಡೂ ಪೂರ್ತಿ ಮೊತ್ತ. ಸ್ಟಾರ್ ಸಿನಿಮಾಗಳಲ್ಲಿ, ಸೀರಿಯಲ್‌ಗಳಲ್ಲಿ ಸುಮಾರು ಸಲ ಈ ಲೆಕ್ಕ ತಪ್ಪುತ್ತೆ. ವ್ಯಾಸ ಭಾರತದ ಸಭೆಯಲ್ಲಿ ಕರ್ಣ ದ್ರೌಪದಿ ಬಗ್ಗೆ ಆಡಿದ ಮಾತು ಬಹಳ ಕೆಟ್ಟದ್ದು. ಅವನನ್ನ ಹೀರೋ ಮಾಡುವಾಗ ಅದನ್ನ ಮೆತ್ತಗೆ ಮಾಡ್ತಾರೆ, ಇಲ್ಲಾ ದಾಟಿಸಿಬಿಡ್ತಾರೆ. ಹಾಗೆ ಮಾಡಿದಾಗ ನಾವು ಅವನಿಗೆ ಮರುಗೋದಲ್ಲ, ಅವನ ಪರ ವಕಾಲತ್ತು ಮಾಡ್ತಿರ್ತೀವಿ.

ಇದನ್ನ ಇಷ್ಟು ದಿನ ಹೇಳದೆ ಇದ್ದಿದ್ದಕ್ಕೆ ಒಂದು ಕಾರಣ ಇದೆ. ಡಿಗ್ರಿ ಎರಡನೇ ವರ್ಷದಲ್ಲಿ ಅಪ್ಪ ಆಸ್ಪತ್ರೆಯಲ್ಲಿದ್ದಾಗ ನನ್ನ ಪರೀಕ್ಷೆ ಫೀಸ್ ಕಟ್ಟಿದ್ದು ಒಬ್ಬ ಫ್ರೆಂಡು. ವಾಪಸ್ ಕೇಳಲೇ ಇಲ್ಲ. ಅದಾಗಿ ಕೆಲವು ತಿಂಗಳಿಗೆ ಅವನೇ ನಮ್ಮ ಕ್ಲಾಸಿನ ಹುಡುಗಿಯೊಬ್ಬಳ ಫೋಟೋ ಹುಡುಗರ ವಾಟ್ಸಾಪ್ ಗ್ರೂಪಿಗೆ ಹಾಕಿ ಕೆಟ್ಟದಾಗಿ ಬರೆದ. ನಲವತ್ತು ಜನ ಇದ್ವಿ. ಒಬ್ಬರೂ ಮಾತಾಡಲಿಲ್ಲ. ನಾನು ಮಾತಾಡಿದ್ರೆ ಅವನು ಕೇಳ್ತಿದ್ದ, ಅದು ನನಗೆ ಗೊತ್ತಿತ್ತು. ಆದ್ರೂ ಫೀಸ್ ಕಟ್ಟಿದ ಕೈ ನೆನಪಾಗಿ ಫೋನ್ ಜೇಬಿಗೆ ಹಾಕಿದೆ. ಆ ಹುಡುಗಿ ಮುಂದಿನ ಸೆಮಿಸ್ಟರ್‌ಗೆ ಬರಲಿಲ್ಲ. 'ಅವನು ಮನುಷ್ಯ ಒಳ್ಳೆಯವನು' ಅಂತ ನಾನು ಎಷ್ಟೋ ವರ್ಷ ಹೇಳ್ಕೊಂಡು ಓಡಾಡಿದ್ದೀನಿ. ನನ್ನ ಮಟ್ಟಿಗೆ ಅದು ಸುಳ್ಳಲ್ಲ. ಅವಳ ಮಟ್ಟಿಗೆ?

ಥಿಯೇಟರ್ ಹೊರಗೆ ಅಕ್ಕ ಕೇಳಿದ್ದು ಸಿನಿಮಾ ಬಗ್ಗೆ. ನನಗೆ ತಾಗಿದ್ದು ಇಲ್ಲಿ.

ಈ ಎಪಿಸೋಡ್ ಬರೆಯೋಕೆ ಮುಂಚೆ ಊರಿಗೆ ಹೋಗಿ ಅಜ್ಜಿನ ಕೇಳಿದೆ, ತಾತನ ನಾಟಕ ಪೂರ್ತಿ ನೋಡಿದ್ರಾ ಅಂತ. ನಮ್ಮೂರ ಮೇಷ್ಟ್ರು ಸೀರೆ ಎಳೆಯೋ ಸೀನೂ ಸೇರಿಸಿದ್ರಂತೆ. ಆ ಸೀನು ಬಂದ ತಕ್ಷಣ ಅಜ್ಜಿ ಚಾಪೆ ಬಿಟ್ಟು ಎದ್ದು ಮನೆಗೆ ಹೋದ್ರಂತೆ. ಬೆಳಗಿನ ಜಾವ ಕರ್ಣನ ಹೆಣದ ಮುಂದೆ ತಾತ ಅಳೋ ಹೊತ್ತಿಗೆ ಮತ್ತೆ ಬಂದು ಕೂತು ಅವರೂ ಅತ್ತರಂತೆ. 'ಅದೆಂಗಜ್ಜಿ ಎರಡೂ?' ಅಂದೆ. 'ಮಾಡಿದ್ದು ತಪ್ಪೇ ಕಣಪ್ಪ. ಸತ್ತೋರು ಅವನೋರು ಅಲ್ವಾ?' ಅಂದ್ರು. ಆಮೇಲೆ ಟಗರಿನ ವಿಷಯ ತೆಗೆದ್ರು.

ಹೋದ ವಾರ ಆ ಕ್ಲಾಸ್‌ಮೇಟ್‌ಗೆ ಒಂದು ಮೆಸೇಜ್ ಕಳಿಸಿದೆ. ಆವತ್ತು ಗ್ರೂಪಲ್ಲಿ ನಾನೂ ಇದ್ದೆ, ಸುಮ್ಮನಿದ್ದೆ, ತಪ್ಪಾಯ್ತು ಅಂತ. ಫೀಸ್ ಕಟ್ಟಿದ ಫ್ರೆಂಡಿಗೂ ಫೋನ್ ಮಾಡಿ ಇದನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಇಟ್ಟ. ಅವಳು ಮೆಸೇಜ್ ನೋಡಿದ್ದಾಳೆ, ಉತ್ತರ ಬಂದಿಲ್ಲ. ಬರಲೇಬೇಕು ಅಂತೇನೂ ಇಲ್ಲ.

ಇವತ್ತಿಗೆ ಇಷ್ಟು. ನಿಮ್ಮೂರ ನಾಟಕದಲ್ಲಿ ಯಾವ ಪಾರ್ಟಿಗೆ ರೇಟು ಜಾಸ್ತಿ ಇತ್ತು, ಮನೆಯಲ್ಲಿ ಹಿರಿಯರಿದ್ರೆ ಕೇಳಿ ನೋಡಿ, ನನಗೂ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.