ಬೂದಿಯಿಂದ ಬಂದ ಹೆಸರು

ಆಮ್ಲಕ್ಕೆ ಎದುರಾಳಿಯೆಂದೂ, ಕೆಂಪು ಲಿಟ್ಮಸ್ ಕಾಗದವನ್ನು ನೀಲಿಗೆ ತಿರುಗಿಸುವ ದ್ರವ್ಯವೆಂದೂ ಶಾಲೆಯಲ್ಲಿ ನಾವೆಲ್ಲರೂ ಕಂಠಪಾಠ ಮಾಡಿದ ‘ಆಲ್ಕಲಿ’ ಎಂಬ ಸಂಜ್ಞೆಯ ಜನ್ಮಸ್ಥಾನವನ್ನು ಅರಸುತ್ತ ಹೊರಟವನು ಕೊನೆಗೆ ಹೋಗಿ ನಿಲ್ಲುವುದು ಬೂದಿಯ ರಾಶಿಯ ಮುಂದೆ. ಅರಬ್ಬೀ ಭಾಷೆಯಲ್ಲಿ ‘ಅಲ್‌-ಕಲೀ’ ಎಂದರೆ ಉಪ್ಪುನೆಲದಲ್ಲಿ ಬೆಳೆಯುವ ಕುರುಚಲು ಗಿಡಗಳನ್ನು ಸುಟ್ಟುಳಿದ ಭಸ್ಮ. ಸ್ಪೇನಿನ ಆಲಿಕಾಂಟೆಯ ಕಡೆ ಇಂತಹ ಗಿಡಗಳನ್ನು ಒಣಗಿಸಿ ಗುಂಡಿಗಳಲ್ಲಿ ಸುಡುತ್ತಿದ್ದರು. ಉರಿಯ ತಾಪಕ್ಕೆ ಕರಗಿದ ಬೂದಿ ಆರಿದ ಬಳಿಕ ಕಲ್ಲಿನಂತೆ ಗಟ್ಟಿಯಾಗಿ, ಸಾಬೂನು ಮತ್ತು ಗಾಜಿನ ಕೆಲಸಕ್ಕಾಗಿ ಪರದೇಶಗಳಿಗೆ ಹಡಗೇರುತ್ತಿದ್ದಿತು. ಉತ್ತರ ಯುರೋಪಿನವರಾದರೋ ಕಟ್ಟಿಗೆಯ ಬೂದಿಯ ತಿಳಿಯನ್ನು ಕಬ್ಬಿಣದ ಮಡಕೆಗಳಲ್ಲಿ ಬತ್ತಿಸಿ ‘ಪೊಟ್ಯಾಷ್’ ಪಡೆದರು. ಈ ಎರಡು ಬೂದಿಗಳ ಸತ್ವ ಬೇರೆಬೇರೆಯೆಂದು ಫ್ರಾನ್ಸಿನ ದ್ಯುಹಾಮೆಲ್‌ ತೋರಿಸಿದ್ದು 1736ರಲ್ಲಿ.

ನಮ್ಮ ‘ಕ್ಷಾರ’ದ ಕಥೆ ಇದಕ್ಕಿಂತ ಬಹು ಹಿಂದಿನದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಕ್ಷಾರಪಾಕಕ್ಕೆಂದೇ ಒಂದು ಅಧ್ಯಾಯವುಂಟು. ಗಿಡಮರಗಳನ್ನು ಸುಟ್ಟ ಬೂದಿಯನ್ನು ನೀರಿನಲ್ಲಿ ಕಲಸಿ, ಮತ್ತೆ ಮತ್ತೆ ಸೋಸಿ, ಆ ತಿಳಿಯನ್ನು ಸೌಟಿನಿಂದ ತಿರುವುತ್ತ ಕಾಯಿಸಿ, ಅದು ಸ್ವಚ್ಛವಾಗಿ, ಕೆಂಪಡರಿ, ಕೈಗೆ ಜಾರುವಂತಾದಾಗ ಸುಟ್ಟ ಚಿಪ್ಪನ್ನೂ ಸುಣ್ಣದ ಕಲ್ಲನ್ನೂ ಅದರಲ್ಲಿ ಅರೆದು ಬೆರೆಸಬೇಕೆಂದು ಆ ವೈದ್ಯನು ವಿಧಿಸುತ್ತಾನೆ. ಸುಣ್ಣವು ಬೂದಿಯ ಕಾರ್ಬೊನೇಟನ್ನು ತನ್ನೆಡೆಗೆ ಸೆಳೆದು ತಳಕ್ಕಿಳಿಯುವುದರಿಂದ ಮೇಲೆ ಉಳಿಯುವುದು ಮಾಂಸವನ್ನೇ ಕೊರೆಯಬಲ್ಲ ದಾಹಕ ಕ್ಷಾರ. ಶಸ್ತ್ರದ ಬದಲಿಗೆ ಅದನ್ನು ಪ್ರಯೋಗಿಸುತ್ತಿದ್ದರು. ಕಾರಣವನ್ನು ಸೂತ್ರದಲ್ಲಿ ಬರೆಯಲಾರದವರು ಕಾರ್ಯವನ್ನು ಇಷ್ಟು ಕರಾರುವಾಕ್ಕಾಗಿ ನಡೆಸಿದರೆಂಬುದನ್ನು ನಾನಂತೂ ಅಲ್ಪವೆಂದು ಎಣಿಸಲಾರೆ. ಕನ್ನಡನಾಡಿನಲ್ಲಿ ಈ ದ್ರವ್ಯಕ್ಕೆ ಬೆಂಕಿಯೂ ಬೇಕಿರಲಿಲ್ಲ: ನೆಲದ ಮೇಲೆ ತಾನಾಗಿ ಬೆಳ್ಳಗೆ ಹೂತ ಸೌಳು ಮಣ್ಣನ್ನು ಬಳಿದು ತಂದು ಮಡಿವಾಳರು ಬಟ್ಟೆಯ ಕೊಳೆ ತೆಗೆಯುತ್ತಿದ್ದರು, ಚಿತ್ರದುರ್ಗದ ಸೀಮೆಯ ಮತ್ತೋಡಿನಲ್ಲಿ ಬಳೆಯ ಗಾಜಿಗೂ ಅದೇ ಸೌಳು ಒದಗುತ್ತಿತ್ತು.

1807ರಲ್ಲಿ ಲಂಡನ್ನಿನ ಹಂಫ್ರಿ ಡೇವಿ ಕರಗಿಸಿದ ಪೊಟ್ಯಾಷಿನಲ್ಲಿ ವಿದ್ಯುತ್ತನ್ನು ಹರಿಸಲು, ಪಾದರಸದಂತೆ ಹೊಳೆಯುವ ಲೋಹದ ಹನಿಗಳು ಹೊರಬಿದ್ದು, ಕೆಲವು ಅಲ್ಲಿಯೇ ಹೊತ್ತಿಕೊಂಡವು. ಆ ಲೋಹಕ್ಕೆ ಅವನಿಟ್ಟ ಹೆಸರು ಪೊಟ್ಯಾಸಿಯಮ್‌; ಜರ್ಮನರು ಅದನ್ನು ‘ಕಾಲಿಯಮ್‌’ ಎಂದು ಕರೆದರು. ಮೂಲಧಾತುಗಳ ಕೋಷ್ಟಕದಲ್ಲಿ ಅದರ ಗುರುತಾಗಿ ಇಂದಿಗೂ ನಿಂತಿರುವ ‘ಕೆ’ ಅಕ್ಷರವು ಅರಬ್ಬರ ಆ ‘ಕಲೀ’ಯಿಂದಲೇ ಬಂದದ್ದು.