ಟೆರೆಜಿನ್ ಮಕ್ಕಳ ಚಿತ್ರಗಳು

ಪ್ರಾಗಿನ ಉತ್ತರಕ್ಕಿರುವ ಟೆರೆಜಿನ್ ಕೋಟೆಪಟ್ಟಣವನ್ನು ನಾಜಿಗಳು 1941ರ ನವೆಂಬರಿನಿಂದ ಯೆಹೂದಿಯರ ಸೆರೆನೆಲೆಯಾಗಿಸಿದರು. ಅಲ್ಲಿ ಕೂಡಿಹಾಕಿದ್ದ ಮಕ್ಕಳು ಬಿಡಿಸಿದ ಚಿತ್ರಗಳು, ನೊಂದ ಮಕ್ಕಳಿಗೆ ಕಲೆ ಹೇಗೆ ಆಸರೆಯಾಗಬಲ್ಲದು ಎಂಬುದಕ್ಕೆ ಉಳಿದಿರುವ ಬಹುಮುಖ್ಯ ದಾಖಲೆ.

ಪಾಠಕ್ರಮ: ಕ್ರಮಬದ್ಧ ಶಾಲೆಗೆ ಅಲ್ಲಿ ನಿಷೇಧವಿತ್ತು, ಚಿತ್ರ, ಹಾಡು, ಕರಕುಶಲಕ್ಕೆ ಅಡ್ಡಿಯಿರಲಿಲ್ಲ. ವಿಯೆನ್ನಾದ ಕಲಾವಿದೆ ಫ್ರೀಡ್ಲ್ ಡಿಕರ್-ಬ್ರಾಂಡೈಸ್ (1898-1944) 1942ರ ಡಿಸೆಂಬರಿನಲ್ಲಿ ಬಂದಿಯಾಗಿ ಬಂದು, ಎಲ್ 410 ಎಂಬ ಬಾಲಕಿಯರ ನಿಲಯದಲ್ಲಿ ಚಿತ್ರಕಲೆಯ ಪಾಠ ಹೇಳತೊಡಗಿದರು. ಜರ್ಮನಿಯ ವೈಮಾರಿನ ಬೌಹೌಸ್ ಕಲಾಶಾಲೆಯಲ್ಲಿ ಯೋಹಾನೆಸ್ ಇಟ್ಟೆನ್ ಅವರಿಂದ ಕಲಿತದ್ದನ್ನೇ ಇಲ್ಲಿಯೂ ಅನುಸರಿಸಿದರು. ಮೊದಲು ಉಸಿರು ಮತ್ತು ಲಯದ ಅಭ್ಯಾಸ: ತಾಳ ಹಾಕಿದಂತೆ ಮಕ್ಕಳು ಗೆರೆ, ಸುತ್ತು ಎಳೆಯಬೇಕು. ಬಳಿಕ ಬಾಯಲ್ಲಿ ಹೇಳಿದ ವಸ್ತುವನ್ನು ಚಿತ್ರಿಸುವುದು, ಹಳೆಯ ಕಲಾವಿದರ ಕೃತಿಗಳನ್ನು ನೋಡಿ ಬಿಡಿಸುವುದು, ಹರಿದ ಕಾಗದ ಅಂಟಿಸಿ ಚಿತ್ರ ಕಟ್ಟುವುದು. ಕಾಗದದ ಅಭಾವದಿಂದ ಕಚೇರಿಯ ರದ್ದಿ ಫಾರಂಗಳ ಬೆನ್ನೂ ಬಳಕೆಯಾಯಿತು. ಪ್ರತಿ ಹಾಳೆಗೂ ಮಗು ತನ್ನ ಹೆಸರು ಬರೆಯಬೇಕೆಂದು ಆಕೆ ಒತ್ತಾಯಿಸುತ್ತಿದ್ದರು. ಬಂದಿಗಳನ್ನು ಸಾಗಿಸುವ ಪಟ್ಟಿಯಲ್ಲಿ ಬರೀ ಸಂಖ್ಯೆಗಳಾಗಿದ್ದ ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ. ದೊಡ್ಡವರು ತಮ್ಮ ಕಲ್ಪನೆಯನ್ನು ಮಕ್ಕಳ ಮೇಲೆ ಹೇರಬಾರದು ಎಂದು 1943ರ ಉಪನ್ಯಾಸದಲ್ಲಿ ವಾದಿಸಿದರು.

ಮನೆ, ಹೂವು, ಹುಲ್ಲುಗಾವಲು ಈ ಚಿತ್ರಗಳಲ್ಲಿ ಪದೇ ಪದೇ ಕಾಣುತ್ತವೆ. ಸೆರೆನೆಲೆಯ ಅಟ್ಟಣಿಗೆಯ ಮಂಚ, ಊಟದ ಸಾಲು ವಿರಳ.

ಆಚರಣೆ: ಯೆಹೂದಿಯರ ಪಾಸ್‌ಓವರ್ ಹಬ್ಬದ ಊಟದ ಮೇಜು ಕೆಲವು ಚಿತ್ರಗಳಲ್ಲಿದೆ. ಬಾಲಕರ ಒಂದು ನಿಲಯದಲ್ಲಿ ಶುಕ್ರವಾರ ಸಂಜೆ ಸೇರಿ 'ವೆಡೆಮ್' ಎಂಬ ತಮ್ಮದೇ ಕೈಬರಹದ ಪತ್ರಿಕೆಯನ್ನು ಓದುತ್ತಿದ್ದರು. ಹಾನ್ಸ್ ಕ್ರಾಸಾ ಅವರ ಮಕ್ಕಳ ಗೀತನಾಟಕ 'ಬ್ರುಂಡಿಬಾರ್' 1943ರ ಸೆಪ್ಟೆಂಬರಿನಿಂದ ಸುಮಾರು 55 ಪ್ರದರ್ಶನ ಕಂಡಿತು. 1944ರಲ್ಲಿ ಸೆರೆನೆಲೆಯನ್ನು ನೋಡಲು ಬಂದ ರೆಡ್‌ಕ್ರಾಸ್ ತಂಡದ ಕಣ್ಣಿಗೆ ಮಣ್ಣೆರಚಲು ನಾಜಿಗಳು ಅದನ್ನೇ ಬಳಸಿಕೊಂಡರು.

ಮೌಲ್ಯಮಾಪನ: ಡಿಕರ್-ಬ್ರಾಂಡೈಸ್ ಅವರ ಪಾಠಗಳನ್ನು ಇಂದಿನ ಅರ್ಥದ ಕಲಾಚಿಕಿತ್ಸೆ ಎನ್ನುವುದು ಅವಸರವಾದೀತು. ಮಕ್ಕಳಲ್ಲಿ ಬಹುಪಾಲು ಕೊಲೆಯಾದದ್ದರಿಂದ, ಗಾಯ ಮಾಯಿತೆಂದು ಹೇಳಲು ಆಧಾರವಿಲ್ಲ. ಆದರೆ ದಿನಕ್ಕೊಂದು ಕ್ರಮ, ಕೈಗೊಂದು ಕೆಲಸ, ಆಯ್ಕೆಯ ಸ್ವಾತಂತ್ರ್ಯ ಮಕ್ಕಳಿಗೆ ಮರಳಿ ದೊರೆತವು ಎನ್ನಬಹುದು. ಪ್ರಾಗಿನಲ್ಲಿ ಡಿಕರ್-ಬ್ರಾಂಡೈಸ್ ಅವರ ಶಿಷ್ಯೆಯಾಗಿದ್ದ ಈಡಿತ್ ಕ್ರಾಮರ್ ಮುಂದೆ ಅಮೆರಿಕದಲ್ಲಿ ಮಕ್ಕಳ ಕಲಾಚಿಕಿತ್ಸೆಗೆ ಬುನಾದಿ ಹಾಕಿದರು.

1944ರ ಅಕ್ಟೋಬರಿನಲ್ಲಿ ಡಿಕರ್-ಬ್ರಾಂಡೈಸ್ ನಾಜಿಗಳ ಆಷ್ವಿಟ್ಸ್ ಮರಣಶಿಬಿರದಲ್ಲಿ ಹತರಾದರು. ಎರಡು ಪೆಟ್ಟಿಗೆಗಳಲ್ಲಿ ಉಳಿದ ಚಿತ್ರಗಳನ್ನು ಬಾಲಕಿಯರ ನಿಲಯದ ಮೇಲ್ವಿಚಾರಕ ವಿಲ್ಲಿ ಗ್ರೋಗ್ 1945ರಲ್ಲಿ ಪ್ರಾಗಿಗೆ ತಲುಪಿಸಿದರು. ಸುಮಾರು 4,500 ಹಾಳೆಗಳ ಈ ಸಂಗ್ರಹ ಈಗ ಪ್ರಾಗಿನ ಯೆಹೂದಿ ವಸ್ತುಸಂಗ್ರಹಾಲಯದಲ್ಲಿದೆ.