ಕಡಲ ಕೆಸರಿನಿಂದ ಕೆರೆಯ ಏರಿಯವರೆಗೆ: ಹಾವೇರಿಯ ನಾಲ್ಕು ತಾಲ್ಲೂಕುಗಳ ನೆಲದ ಚರಿತ್ರೆ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹೊಲಗಳ ಕೆಳಗಿರುವ ಬಂಡೆ ಬಹುಪಾಲು ಹಳೆಯ ಸಮುದ್ರತಳದ ಕೆಸರು. ಸುಮಾರು 260 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಕಡಲಿನ ತಳದಲ್ಲಿ ಮರಳು, ಮಣ್ಣು ಪದರಪದರವಾಗಿ ಕೂತವು. ನಡುನಡುವೆ ಲಾವಾ ಉಕ್ಕಿತು, ಕಬ್ಬಿಣ ಬೆರೆತ ಗಟ್ಟಿ ಪಟ್ಟೆಗಳು ಸೇರಿದವು. ಆಮೇಲೆ ಇವೆಲ್ಲ ಭೂಮಿಯ ಒತ್ತಡಕ್ಕೂ ಕಾವಿಗೂ ಸಿಕ್ಕಿ ಮಡಿಚಿಕೊಂಡು ಕಲ್ಲಾದವು. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಈ ಶಿಲಾಸಮೂಹಕ್ಕೆ ಧಾರವಾಡದ ಹೆಸರಿಟ್ಟರು. ಆಗ ನವಾಬರ ಸಂಸ್ಥಾನವಾಗಿದ್ದ ಸವಣೂರನ್ನು ಬಿಟ್ಟರೆ ಈ ತಾಲ್ಲೂಕುಗಳ ನೆಲ ಧಾರವಾಡ ಜಿಲ್ಲೆಯೊಳಗೇ ಇತ್ತು.

ನೆಲದ ಇಳಿಜಾರು ಬಂದದ್ದು ಬಹಳ ತಡವಾಗಿ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಮೇಲೆ ಪಶ್ಚಿಮದ ಅಂಚು ಮೇಲೆದ್ದು ಸಹ್ಯಾದ್ರಿಯಾಯಿತು. ಸಾಗರದ ಇಕ್ಕೇರಿ ಬಳಿಯ ವರದಾಮೂಲದಲ್ಲಿ ಹುಟ್ಟುವ ವರದೆ ಅರಬ್ಬಿ ಸಮುದ್ರ ಅಷ್ಟು ಹತ್ತಿರವಿದ್ದರೂ ಪೂರ್ವಕ್ಕೆ ತಿರುಗಿ, ಬನವಾಸಿ ದಾಟಿ, ಹಾನಗಲ್ ಸೀಮೆಯಲ್ಲಿ ಧರ್ಮಾ ನದಿಯನ್ನು ಕೂಡಿಕೊಂಡು, ಗಳಗನಾಥದಲ್ಲಿ ತುಂಗಭದ್ರೆ ಸೇರುವುದು ಈ ಇಳಿಜಾರಿನಿಂದಲೇ. ಮುಂಗಾರಿನ ಮೋಡಗಳು ಅದೇ ಸಹ್ಯಾದ್ರಿಗೆ ತಡೆದು ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತವೆ. ಹಾನಗಲ್ಲಿಗೆ ಉಳಿಯುವುದು ಅದರಲ್ಲಿ ಸಣ್ಣ ಪಾಲು, ಸವಣೂರಿಗೆ ಇನ್ನೂ ಕಡಿಮೆ. ಹಾಗಾಗಿ ಹಾನಗಲ್ಲಿನ ಅರೆಮಲೆನಾಡಿನಲ್ಲಿ ಕೂರಿಗೆಯಲ್ಲಿ ಬಿತ್ತುವ ಭತ್ತ ಬೆಳೆದರೆ, ಸವಣೂರಿನ ಎರೆಭೂಮಿಯಲ್ಲಿ ಜೋಳ, ಹತ್ತಿ ಬೆಳೆದವು.

ಮೆತ್ತನೆಯ ಕಲ್ಲು ಸವೆದು ತಗ್ಗಾಯಿತು, ಗಟ್ಟಿ ಪಟ್ಟೆಗಳು ಗುಡ್ಡಗಳಾಗಿ ಉಳಿದವು. ಕೆರೆ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ನೆಲ ಬೇಕಿರಲಿಲ್ಲ. ಎರಡು ದಿಬ್ಬಗಳ ನಡುವೆ ಒಂದು ಏರಿ, ಅದಕ್ಕೊಂದು ತೂಬು, ಹೆಚ್ಚಾದ ನೀರಿಗೊಂದು ಕೋಡಿ ಇದ್ದರೆ ನಾಲ್ಕು ತಿಂಗಳ ಮಳೆ ವರ್ಷವಿಡೀ ಬಾಳುತ್ತಿತ್ತು. ಹಾನಗಲ್ಲಿನ ಆನೆಕೆರೆ 1196ರಷ್ಟು ಹಿಂದೆಯೇ ಶಾಸನದಲ್ಲಿ ಕಾಣುತ್ತದೆ. ಕದಂಬರ ಆ ಊರಿಗೆ ಮುತ್ತಿಗೆ ಹಾಕಿದ ಹೊಯ್ಸಳ ವೀರಬಲ್ಲಾಳನ ಪಾಳೆಯ ಅದರ ಬಳಿ ಬೀಡುಬಿಟ್ಟಿತ್ತು. ಹಿರೇಕೆರೂರಿನ ಹೆಸರಿನಲ್ಲೇ ಕೆರೆ ಇದೆ. ಆ ತಾಲ್ಲೂಕಿನ ಮಾಸೂರಿನ ಹತ್ತಿರ, ಕುಮುದ್ವತಿ ನದಿ ಗುಡ್ಡಗಳ ನಡುವಿನ ಕಣಿವೆಯಲ್ಲಿ ನುಗ್ಗುವ ಜಾಗವನ್ನೇ ಆರಿಸಿ ವಿಜಯನಗರದ ಕಾಲದಲ್ಲಿ ಮದಗದ ಕೆರೆ ಕಟ್ಟಿದರು. ಗುಡ್ಡಗಳೇ ಅದರ ಗೋಡೆ; ಮನುಷ್ಯರು ಮುಚ್ಚಬೇಕಾಗಿದ್ದದ್ದು ಕಂಡಿಗಳನ್ನು ಮಾತ್ರ. ಹಾಗೆ ಮುಚ್ಚಿದ ಏರಿ ಒಡೆದು ಕೆರೆ ಬಹುಕಾಲ ಹಾಳುಬಿದ್ದಿತ್ತು. 19ನೇ ಶತಮಾನದಲ್ಲಿ ಬ್ರಿಟಿಷರು ಅದನ್ನು ಒಂದಿಷ್ಟು ಮಟ್ಟಿಗೆ ಸರಿಪಡಿಸಿದರು.

ಈ ನೆಲ ಕೊಟ್ಟ ಇನ್ನೊಂದು ವಸ್ತು ಬಳಪದ ಕಲ್ಲು. ಬಾದಾಮಿ ಚಾಲುಕ್ಯರ ಶಿಲ್ಪಿಗಳಿಗೆ ಸಿಕ್ಕಿದ್ದು ಮಲಪ್ರಭೆಯ ದಡದ ಕೆಂಪು ಮರಳುಗಲ್ಲು. ಅದರಲ್ಲಿ ದೊಡ್ಡ ಆಕಾರಗಳು ಚೆನ್ನಾಗಿ ಮೂಡುತ್ತವೆ, ಕೂದಲೆಳೆಯ ಕೆಲಸ ಕಷ್ಟ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಧಾರವಾಡ ಶಿಲೆಗಳ ಈ ಹಸಿರು ಛಾಯೆಯ ಕಲ್ಲು ಬಳಕೆಗೆ ಬಂತು. ಗಣಿಯಿಂದ ತೆಗೆದಾಗ ಇದು ಉಳಿಗೆ ಸುಲಭವಾಗಿ ಬಗ್ಗುತ್ತದೆ, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆಯೊಳಗಿನ ನಗರೇಶ್ವರ ದೇವಾಲಯಕ್ಕೆ ಜನ ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಅಲ್ಲಿನ ಕಂಬಗಳಲ್ಲಿ ತಿರುಗಣೆಗೆ ಹಿಡಿದು ಕಡೆದ ಉಂಗುರಗಳು ಒಂದರ ಕೆಳಗೊಂದು ಕತ್ತಿಯಂಚಿನಷ್ಟು ಚೂಪಾಗಿ ಕೂತಿವೆ, ಮೈ ಕನ್ನಡಿಯಂತೆ ಹೊಳೆಯುತ್ತದೆ. ಹಾನಗಲ್ಲಿನ ತಾರಕೇಶ್ವರದ ಮಂಟಪದಲ್ಲಿ ತಲೆಯೆತ್ತಿ ನೋಡಿದರೆ ಗುಮ್ಮಟದ ನಡುವಿನಿಂದ ಕಲ್ಲಿನ ಕಮಲ ಇಳಿಬಿದ್ದಿದೆ. ಶಿಲ್ಪಿಯ ಕೈಚಳಕವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಮರಳುಗಲ್ಲಿನಲ್ಲಿ ಅದೇ ಕೈಗೆ ಅಷ್ಟು ತೆಳುವಾದ ದಳಗಳನ್ನು ಬಿಡಿಸಲು ಆಗುತ್ತಿರಲಿಲ್ಲ.

ದೂರದ ಕಡಲುಗಳೂ ಈ ಸೀಮೆಯ ಚರಿತ್ರೆಯಲ್ಲಿ ಪಾಲುದಾರರು. ಪೆಸಿಫಿಕ್ ಸಾಗರದ ಮೇಲ್ಮೈ ಬಿಸಿಯೇರುವ ಎಲ್‌ನಿನೊ ವರ್ಷಗಳಲ್ಲಿ ಮುಂಗಾರು ಕೈಕೊಡುವುದು ಹೆಚ್ಚು. ಊರೂರು ಖಾಲಿ ಮಾಡಿದ 1791-92ರ ಡೋಗಿ ಬರ, 1876-78ರ ಮಹಾಕ್ಷಾಮ ಎರಡೂ ಅಂಥ ಹವಾಮಾನದ ಹೊತ್ತಿನಲ್ಲೇ ಬಂದವು. ಎರಡನೆಯದಕ್ಕೆ ಜನ ಆ ಸಂವತ್ಸರದ ಹೆಸರಿನಲ್ಲಿ ಧಾತು ಬರ ಎಂದರು.

ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ ಬಾವೊಬಾಬ್ ಮರಗಳದು ಬೇರೆಯೇ ಕಥೆ. ಆಫ್ರಿಕಾ, ಮಡಗಾಸ್ಕರ್‌ಗಳ ಈ ಮರ ಭೂಖಂಡಗಳು ಒಡೆದಾಗ ಭಾರತದೊಂದಿಗೆ ತೇಲಿಬಂದದ್ದಲ್ಲ. ಬಹಳ ಮುಂದೆ, ಕಡಲು ದಾಟಿದ ಮನುಷ್ಯರ ಕೈಯಲ್ಲಿ ಬಂದದ್ದು. ಬೊಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಅದಕ್ಕೆ ಸವಣೂರಿನ ದೀರ್ಘ ಒಣಹವೆ ಒಗ್ಗಿತು.

ಇಂದು ಈ ತಾಲ್ಲೂಕುಗಳಲ್ಲಿ ಗೋವಿನಜೋಳ ಎಲ್ಲೆಡೆ ಹರಡಿದೆ, ಭತ್ತದ ಗದ್ದೆಗಳು ಕಡಿಮೆಯಾಗಿವೆ. ಹಲವು ಕೆರೆಗಳಲ್ಲಿ ಹೂಳು ತುಂಬಿದೆ, ನೀರಿಗೆ ಕೊಳವೆಬಾವಿಯೇ ಗತಿ ಎಂಬ ನಂಬಿಕೆ ಬೆಳೆದಿದೆ. ಆದರೆ ಇಲ್ಲಿನ ಪದರಗಲ್ಲಿನಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಅದಕ್ಕೆ ನೀರುಣಿಸುವುದು ಮಳೆ ಮತ್ತು ಕೆರೆ. ಕೆರೆಯ ಹೂಳೆತ್ತದೆ ಬಾವಿಯನ್ನಷ್ಟೇ ಆಳಕ್ಕೆ ಕೊರೆದರೆ ಈ ನೆಲದಲ್ಲಿ ನೀರು ಹೆಚ್ಚುವುದಿಲ್ಲ.